ಹೆಸರಿನ ಪಕ್ಕದ ಖಾನೆಯಲ್ಲಿ

ನನಗೆ ಯಾವುದಕ್ಕೂ ಬೆರಗಾಗುವ ಸ್ವಭಾವವಿಲ್ಲ ಎಂದು ಮನೆಯಲ್ಲಿ ಹೆಸರಾಗಿದೆ. ಮೊದಲ ಸಲ ಸಮುದ್ರ ನೋಡಿದಾಗ ನಾನು “ನೀರು ಭಾಳ ಐತಿ” ಎಂದು ಅಷ್ಟಕ್ಕೇ ಸುಮ್ಮನಾದೆನಂತೆ. ನನ್ನ ಗಂಡ ಇದನ್ನು ಇಂದಿಗೂ ನಾಲ್ಕು ಜನರೆದುರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನನ್ನನ್ನು ಬೆರಗುಗೊಳಿಸುವ ಸಂಗತಿ ಒಂದಿದೆ, ಆದರೆ ಅದನ್ನು ಹೇಳಲು ಹೊರಟರೆ ಕೇಳುವವರು ಆಕಳಿಸುತ್ತಾರೆ. ಡೇಟಾಬೇಸಿನ ಒಂದು ಖಾನೆಯೊಳಗೆ ಇಡೀ ಫೈಲನ್ನೇ ಇಟ್ಟುಬಿಡಬಹುದು, ಬೇಕೆಂದಾಗ ಇಟ್ಟದ್ದನ್ನು ಇಟ್ಟ ಹಾಗೆಯೇ ತೆಗೆಯಬಹುದು ಎನ್ನುವುದೇ ಆ ಸಂಗತಿ.

ತೆಲುಗು ಮಾತಾಡುವ ಈ ಊರಿನ ಉಪ್ಪಲ್‌ ಬಡಾವಣೆಯಲ್ಲಿ ಮಕ್ಕಳ ಹೃದಯ ನೋಡುವ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ನೋಡಿಕೊಳ್ಳುವುದು ಎಂದರೆ ಎಲ್ಲವೂ ಬಂತು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನನ್ನನ್ನೇ ಕರೆಯುತ್ತಾರೆ, ಇಂಟರ್ನೆಟ್ ಹೋದರೂ ನನ್ನ ಮುಖವನ್ನೇ ನೋಡುತ್ತಾರೆ, ಒಮ್ಮೆ ನೀರಿನ ಮಷೀನು ಕೆಟ್ಟಾಗಲೂ ಕರೆದಿದ್ದರು. ಅದಕ್ಕೂ ಹೋಗಿದ್ದೆ, ಬೈಯುತ್ತಲೇ ಹೋಗಿದ್ದೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವುದು ಅಲ್ಲಿ ಎಲ್ಲರಿಗೂ ಗೊತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಯಾವನೋ ಪುಣ್ಯಾತ್ಮ ಬರೆದಿಟ್ಟು ಹೋಗಿದ್ದ ಹಳೆಯ ಡೇಟಾಬೇಸನ್ನು ತೆರೆದು ನೋಡಿದೆ. ಸಾಲು ಸಾಲಾಗಿ ಮಕ್ಕಳು. ಒಂದು ಖಾನೆಯಲ್ಲಿ ಹೆಸರು, ಇನ್ನೊಂದರಲ್ಲಿ ವಯಸ್ಸು, ಮತ್ತೊಂದರಲ್ಲಿ ತೂಕ, ಬಡಾವಣೆ. ಇಷ್ಟರವರೆಗೆ ಎಲ್ಲಾ ಆಸ್ಪತ್ರೆಯಲ್ಲೂ ಇರುವಂಥದ್ದೇ. ಕೊನೆಯ ಖಾನೆಯಲ್ಲಿ ಮಾತ್ರ ಓದಲು ಬರುವಂಥದ್ದು ಏನೂ ಇರಲಿಲ್ಲ. ಅಂಕಿ, ಅಕ್ಷರ, ಮತ್ತೆ ಅಂಕಿ, ಪರದೆಯ ತುಂಬ ಬರೀ ಕಲಸುಮೇಲೋಗರ. ಏನೋ ಕೆಟ್ಟು ಕೂತಿದೆ ಎಂದುಕೊಂಡೆ. ಆಮೇಲೆ ಆ ಖಾನೆಯ ಜಾತಿ ಯಾವುದೆಂದು ನೋಡಿದರೆ ಅದು ಬೈನರಿ. ಅಂದರೆ ಅದರಲ್ಲಿದ್ದದ್ದು ಓದುವ ಬರಹವಲ್ಲ, ಒಂದು ಫೈಲು. ಒಂದು ಸಣ್ಣದನ್ನು ಆರಿಸಿಕೊಂಡು ಹೊರಗೆ ತೆಗೆದು, ಉಳಿಸಿ, ತೆರೆದೆ.

ಕಪ್ಪು ಪರದೆಯ ಮೇಲೆ ಬೀಸಣಿಗೆ ಬಿಚ್ಚಿದ ಹಾಗೆ ಬೂದು ಬಣ್ಣದ ಒಂದು ಚಿತ್ರ ಬಂತು. ಅದರ ನಡುವೆ ಏನೋ ಮಿಸುಕಿತು. ಹಿಗ್ಗಿತು, ಕುಗ್ಗಿತು, ನಿಂತಿತು. ಯಾವುದೋ ಮಗುವಿನ ಹೃದಯ ಒಂದೇ ಒಂದು ಸಲ ಬಡಿದು ಮುಗಿದಿತ್ತು.

ನಾನು ಆ ದಿನ ಊಟಕ್ಕೆ ಏಳಲಿಲ್ಲ. ಒಂದು ಖಾನೆಯಲ್ಲಿ ಹೆಸರು, ಪಕ್ಕದ ಖಾನೆಯಲ್ಲಿ ತೂಕ, ಅದರ ಪಕ್ಕದ ಖಾನೆಯಲ್ಲಿ ಒಂದು ಹೃದಯ. ಇದು ಹೇಗೆ ಸಾಧ್ಯ ಎಂದು ಕಸುಬು ಬಲ್ಲ ನನಗೆ ಗೊತ್ತಿತ್ತು, ಗೊತ್ತಿದ್ದೂ ಮತ್ತೆ ಮತ್ತೆ ತೆಗೆದು ನೋಡಿದೆ. ಬಯಲಿಗೆ ಬಂದಾಗ ಬಡಿಯುವ ಹೃದಯ, ಖಾನೆಗೆ ಮರಳಿದಾಗ ಅದೇ ಕಲಸುಮೇಲೋಗರ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ರಾತ್ರಿ ಮನೆಯಲ್ಲಿ ಅತ್ತೆಗೆ ಹೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಫೋಟೋ ತೆಗೆದಿಟ್ಟಾಂಗ ಅಲ್ಲೇನ ಅದು?” ಎಂದರು. ಹಾಗಲ್ಲ ಎಂದು ಹೇಳಲು ಹೋಗಿ, ಹಾಗೆಯೇ ಅಲ್ಲವೇ ಎಂದು ನನಗೇ ಅನಿಸಿ, ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ.

ನಮ್ಮ ಕಸುಬಿನವರಲ್ಲಿ ಈ ವಿಷಯಕ್ಕೆ ಎರಡು ಪಂಗಡಗಳಿವೆ. ಫೈಲುಗಳನ್ನು ಹೊರಗೆ ಫೋಲ್ಡರಿನಲ್ಲಿಟ್ಟು, ಅದು ಎಲ್ಲಿದೆ ಎನ್ನುವ ವಿಳಾಸವನ್ನಷ್ಟೇ ಡೇಟಾಬೇಸಿನಲ್ಲಿ ಬರೆಯಬೇಕು ಎನ್ನುವವರು ಒಂದು ಕಡೆ. ಫೈಲನ್ನು ಒಳಗೇ ಇಡಬೇಕು ಎನ್ನುವವರು ಇನ್ನೊಂದು ಕಡೆ. ಮೊದಲಿನವರ ಮಾತು ಸುಳ್ಳಲ್ಲ. ಒಳಗೆ ಇಟ್ಟರೆ ಡೇಟಾಬೇಸು ಊದಿಕೊಳ್ಳುತ್ತದೆ, ಬ್ಯಾಕಪ್ ತೆಗೆಯಲು ಕೂತರೆ ಮುಗಿಯುವುದೇ ಇಲ್ಲ. ಆದರೆ ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಜಾಗ ಸಾಲದೆಂದು ಯಾರೋ ಫೋಲ್ಡರುಗಳನ್ನು ಗುಡಿಸಿ ಹಾಕಿದ್ದರು. ಡೇಟಾಬೇಸಿನಲ್ಲಿ ವಿಳಾಸಗಳು ಅಚ್ಚುಕಟ್ಟಾಗಿ ಉಳಿದಿದ್ದವು, ಆ ವಿಳಾಸಗಳಲ್ಲಿ ಯಾರೂ ಇರಲಿಲ್ಲ. ಅಂದಿನಿಂದ ನಾನು ಎರಡನೇ ಪಂಗಡ. ಹೆಸರು ಇದ್ದಲ್ಲಿಯೇ ಹೃದಯವೂ ಇರಲಿ, ಉಳಿದರೆ ಎರಡೂ ಉಳಿಯಲಿ.

ಮುಂದೆ ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಬಂತು. ಅದನ್ನು ಹಾಕಲು ಬಂದ ಹುಡುಗರು ಹಳೆಯದನ್ನು ನೋಡಿ ಮುಸಿಮುಸಿ ನಕ್ಕರು. ವಿಡಿಯೋವನ್ನು ಯಾರಾದರೂ ಡೇಟಾಬೇಸಿನೊಳಗೆ ತುರುಕುತ್ತಾರಾ ಮೇಡಂ ಎಂದು ನನ್ನನ್ನೇ ಕೇಳಿದರು. ಹೆಸರು, ವಯಸ್ಸು, ತೂಕಗಳನ್ನಷ್ಟೇ ಹೊಸದಕ್ಕೆ ಸಾಗಿಸಿ, ಫೈಲುಗಳನ್ನು ಆಮೇಲೆ ನೋಡೋಣ ಎಂದು ಕೈತೊಳೆದುಕೊಂಡು ಹೋದರು. ಚಿತ್ರಗಳನ್ನು ತೋರಿಸುತ್ತಿದ್ದ ಹಳೆಯ ಪ್ರೋಗ್ರಾಮೂ ಅದೇ ಹೊತ್ತಿಗೆ, ತಾನಿದ್ದ ಕಂಪ್ಯೂಟರಿನೊಂದಿಗೆ ಸತ್ತಿತು. ಹಳೆಯ ಸರ್ವರನ್ನು ಬಂದ್ ಮಾಡಿ ಎಂದು ಆಫೀಸಿನವರು ನನಗೆ ಹೇಳುವುದು, ನಾನು ಆಗುವುದಿಲ್ಲ ಎನ್ನುವುದು, ಇದು ಸ್ವಲ್ಪ ಕಾಲ ನಡೆಯಿತು. ಕೊನೆಗೆ ನನ್ನ ಬಾಯಿಗೆ ಹೆದರಿಯೋ ಏನೋ ಅದನ್ನು ನನ್ನ ಕೋಣೆಯ ಮೂಲೆಗೆ ತಂದಿಟ್ಟರು. ಅಲ್ಲಿ ಅದು ದಿನವಿಡೀ ಗುಂಯ್ ಎನ್ನುತ್ತಿತ್ತು.

ಆ ಗಂಡ ಹೆಂಡತಿ ಬಂದದ್ದು ಒಂದು ಸೋಮವಾರ. ಗಂಡ ಸುಲ್ತಾನ್ ಬಜಾರಿನ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಊರು ಹುಮನಾಬಾದ್ ಕಡೆ. ಹೆಂಡತಿ ಇಲ್ಲಿಯೇ ಕುಷಾಯಿಗೂಡದಲ್ಲಿ ಬೆಳೆದವಳು, ಮದುವೆಯಾಗಿ ಆ ಕಡೆ ಹೋಗಿ, ಗಂಡನಿಗೆ ಇಲ್ಲಿ ಕೆಲಸವಾದ ಮೇಲೆ ತಿರುಗಿ ಬಂದವಳು. ಅವಳ ತೊಡೆಯ ಮೇಲೆ ಎರಡು ವರ್ಷ ದಾಟಿದ ಒಂದು ಹೆಣ್ಣು ಮಗು. ಮಗುವಿನ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಹುಟ್ಟಿದ ಹೊಸದರಲ್ಲಿ ನಮ್ಮಲ್ಲಿಯೇ ಸ್ಕ್ಯಾನ್ ಆಗಿತ್ತು. ಆಗ ನೋಡಿದ್ದ ಡಾಕ್ಟರು ಬಿಟ್ಟುಹೋಗಿದ್ದರು, ಕೊಟ್ಟ ವರದಿ ಮನೆ ಬದಲಿಸುವಾಗ ಎಲ್ಲೋ ಬಿದ್ದುಹೋಗಿತ್ತು.

ಈಗಿನ ಡಾಕ್ಟರು ಹೊಸದಾಗಿ ಸ್ಕ್ಯಾನ್ ಮಾಡಿ ಹಣೆ ತಿಕ್ಕಿಕೊಂಡು ಕೂತಿದ್ದರು. ಅವರು ಹಿಂದಿಯಲ್ಲಿ ನನಗೆ ಹೇಳಿದ್ದರ ಸಾರ ಇಷ್ಟು. ತೂತು ಈಗ ನಡುಗಾತ್ರದ್ದಾಗಿದೆ. ಹುಟ್ಟಿದಾಗಿನಿಂದ ಇಷ್ಟೇ ಇದ್ದರೆ ಎದೆ ತೆರೆದು ಮುಚ್ಚುವುದೇ ಸರಿ, ತಡ ಮಾಡಬಾರದು. ಆಗ ದೊಡ್ಡದಿದ್ದು ಈಗ ಇಷ್ಟಕ್ಕೆ ಇಳಿದಿದ್ದರೆ ತಾನಾಗಿಯೇ ಮುಚ್ಚಿಕೊಳ್ಳುತ್ತಿದೆ ಎಂದರ್ಥ, ಕಾಯಬಹುದು. ಆಪರೇಷನ್ನಿಗೆ ಗುರುವಾರದ ದಿನ ಹಿಡಿದಿಟ್ಟಿದ್ದಾರೆ. ಹಳೆಯ ಚಿತ್ರ ಸಿಕ್ಕರೆ ಇವತ್ತೇ ಒಂದು ತೀರ್ಮಾನಕ್ಕೆ ಬರುತ್ತೇನೆ, ಸಿಗದಿದ್ದರೆ ಮಗುವಿನ ಜೊತೆ ಜೂಜಾಡಲು ನನ್ನಿಂದಾಗದು, ಆಪರೇಷನ್ ಮಾಡಿಬಿಡುತ್ತೇನೆ.

ಕೌಂಟರಿನ ಹುಡುಗಿ ಹೊಸ ಸಾಫ್ಟ್‌ವೇರಿನಲ್ಲಿ ಹುಡುಕಿ, “ಆ ಪೇರುತೋ ಎವರೂ ಲೇರು ಮೇಡಂ” ಎಂದಳು. ಆ ಹೆಸರಿನವರು ಯಾರೂ ಇಲ್ಲ. ಇವರನ್ನು ನನ್ನ ಕೋಣೆಗೆ ಕಳಿಸಿದರು.

ನಾನು ಗಂಡನ ಮಾತಿನ ಧಾಟಿ ಕೇಳಿ ಕನ್ನಡದಲ್ಲೇ, “ಕೂಡ್ರಿ” ಎಂದೆ. ಅವನ ಮುಖ ಅರಳಿತು.

“ನಮ್ಮ ಮಂದೀನ ಅದೀರಲ್ರಿ ಬಾಯಾರ. ಹೆಂಗರ ಮಾಡಿ ಹುಡುಕ್ರಿ.”

“ನಮ್ಮ ಮಂದಿ ಅಂತ ಡೇಟಾಬೇಸ್ ಕೇಳೂದಿಲ್ಲಪ್ಪ. ಕೂಸಿನ ಹೆಸರೇನು?”

ಸ್ಕ್ಯಾನ್ ಆದಾಗ ಮಗುವಿಗೆ ಇನ್ನೂ ಹೆಸರೇ ಇಟ್ಟಿರಲಿಲ್ಲ. ತೊಟ್ಟಿಲಿಗೆ ಹಾಕುವ ಮುಂಚಿನ ಮಾತು. ಅಂಥ ಕೂಸುಗಳನ್ನು ನಮ್ಮಲ್ಲಿ ಇಂಥವಳ ಮಗು ಎಂದು ತಾಯಿಯ ಹೆಸರಿನಲ್ಲಿ ಬರೆದುಕೊಳ್ಳುತ್ತಾರೆ. ತಾಯಿಯ ಹೆಸರು ಕೇಳಿದೆ. ಗಂಡನೇ ಹೇಳಿದ, ಅವಳ ಆಧಾರ್ ಕಾರ್ಡನ್ನೂ ಮುಂದಿಟ್ಟ. ಹಳೆಯ ಡೇಟಾಬೇಸಿನಲ್ಲಿ ಆ ಹೆಸರು ಹಾಕಿ ಹುಡುಕಿದೆ. ಇಲ್ಲ. ಬೇರೆ ಬೇರೆ ಥರ ಬರೆದು ಹುಡುಕಿದೆ, ಅರ್ಧ ಹೆಸರು ಹಾಕಿ ಹುಡುಕಿದೆ. ಇಲ್ಲ. ಗಂಡನ ಫೋನ್ ನಂಬರು ಹಾಕಿದೆ. ಆಗ ಅವನು ಊರಿನಲ್ಲಿದ್ದ, ಅವನ ನಂಬರು ಕೊಟ್ಟಿರುವುದು ಸಾಧ್ಯವೇ ಇರಲಿಲ್ಲ. ತಾರೀಖು ಕೇಳಿದರೆ ದೀಪಾವಳಿ ಆದ ಮೇಲೆ ಎಂದರು. ದೀಪಾವಳಿ ಆದ ಮೇಲೆ ಬಂದ ಕೂಸುಗಳು ಒಂದೇ ಎರಡೇ?

ನನಗೆ ರೇಗಲು ಶುರುವಾಗಿತ್ತು. ಈ ಸರ್ವರಿಗಾಗಿ ಊರೊಟ್ಟಿಗೆ ಜಗಳ ಆಡಿದವಳು ನಾನು. ಈಗ ಒಂದು ಕೂಸಿನ ಎದೆ ಕೊಯ್ಯುವ ಮಾತು ಬಂದಿರುವಾಗ ಅದು ಇಲ್ಲ ಇಲ್ಲ ಎಂದು ಕೂತಿತ್ತು. ತಾಯಿ ಮಗುವಿನ ಫ್ರಾಕಿನ ಗುಂಡಿ ಬಿಚ್ಚುತ್ತಿದ್ದಳು, ಹಾಕುತ್ತಿದ್ದಳು.

“ಆಸ್ಪತ್ರಿಗೆ ಕರಕೊಂಡು ಬಂದೋರು ಯಾರು ಆವಾಗ?” ಎಂದೆ.

“ನಮ್ಮ ಅವ್ವ,” ಎಂದಳು. “ನಾ ಬಾಣಂತಿ ಇದ್ನೆಲ್ರಿ, ಹೊರಗ ಕೂತಿದ್ದೆ. ಎಲ್ಲಾ ಅವ್ವನ ಬರಿಸಿದ್ಲು.”

ಅವ್ವ ಈಗ ಎರಡನೇ ಮಗಳ ಬಾಣಂತನಕ್ಕೆಂದು ಸೊಲ್ಲಾಪುರಕ್ಕೆ ಹೋಗಿದ್ದರು. ಗಂಡ ಫೋನ್ ಹಚ್ಚಿ, ನನಗೂ ಕೇಳಿಸಲೆಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ಆ ಕಡೆ ಯಾವುದೋ ಕೂಸು ಅಳುತ್ತಿತ್ತು.

“ಅತ್ತಿ, ಕೂಸಿನ್ನ ಮೊದಲ ತೋರಸಾಕ ಹೋದಾಗ ಯಾರ ಹೆಸರಿಲೆ ಬರಿಸೀರಿ?”

“ಯಾರ ಹೆಸರಿಲೆ ಬರಸ್ಲೆಪ್ಪಾ ಮತ್ತ? ನನ್ನ ಮಗಳ ಹೆಸರಿಲೆ.”

“ಅದ ಹೆಸರಿಲೆ ಹುಡಕಾಕತ್ತಾರ್ರಿ. ಸಿಗವಲ್ದು.”

“ಸಿಗದ ಎಲ್ಲಿ ಹೋಕ್ಕೈತಿ? ಕಣ್ಣ ತಗದ ಹುಡುಕಂತ ಹೇಳು ಅವರಿಗೆ. ನಾ ಮುಂದ ನಿಂತು ಬರಿಸೀನಿ.”

ಕಣ್ಣು ತೆಗೆದೇ ಹುಡುಕುತ್ತಿದ್ದ ನಾನು ಹಲ್ಲು ಕಚ್ಚಿಕೊಂಡು ಕೂತೆ. ಹೆಂಗಸಿನ ದನಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಆಮೇಲೆ ಆಕೆ ಮೆತ್ತಗಾಗಿ, ಅಕಿ ಕೈಯಾಗ ಫೋನ್ ಕೊಡು ಎಂದು ಅಳಿಯನಿಗೆ ಹೇಳಿ, ಮಗಳನ್ನು ಹೆಸರು ಹಿಡಿದು ಕರೆದಳು. ಊಟ ಮಾಡಿಯೇನವ್ವ ಎಂದು ಕೇಳಿದಳು.

ಆಕೆ ಕರೆದದ್ದು ನಾನು ಆವರೆಗೆ ಟೈಪು ಮಾಡುತ್ತಿದ್ದ ಹೆಸರನ್ನಲ್ಲ. ಅದರ ಹತ್ತಿರದ ಹೆಸರೂ ಅಲ್ಲ, ಪೂರಾ ಬೇರೆ.

ನಾನು ಅವರ ಮಾತು ಮುಗಿಯುವುದನ್ನೂ ಕಾಯಲಿಲ್ಲ. “ನಿಮಗ ಮದುವ್ಯಾಗ ಹೆಸರ ಬದಲಿಸ್ಯಾರೇನು?” ಎಂದು ಕೇಳಿದೆ.

“ಹೂಂರಿ,” ಎಂದಳು. “ಎಲ್ಲಾರಿಗೂ ಬದಲಸ್ತಾರಲ್ರಿ?”

ಗಂಡನೂ ಅದರಲ್ಲೇನು ಕೇಳುವುದಿದೆ ಎನ್ನುವಂತೆ ನೋಡಿದ. ಅವನ ಪಾಲಿಗೆ ಹೆಂಡತಿಗೆ ಇರುವುದು ಒಂದೇ ಹೆಸರು, ತಾನು ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆದದ್ದು. ಅತ್ತೆಯ ಪಾಲಿಗೂ ಮಗಳಿಗೆ ಒಂದೇ ಹೆಸರು, ತಾನು ತೊಟ್ಟಿಲಲ್ಲಿ ಇಟ್ಟದ್ದು. ಇಬ್ಬರೂ ಅವಳ ಹೆಸರು ಅವಳ ಹೆಸರು ಎನ್ನುತ್ತ ಎರಡು ಬೇರೆ ಹೆಂಗಸರ ಬಗ್ಗೆ ಮಾತಾಡುತ್ತಿದ್ದರು. ಅವಳಂತೂ ಎರಡಕ್ಕೂ ಓ ಎಂದು ರೂಢಿಯಾದವಳು. ಚೊಚ್ಚಲ ಹೆರಿಗೆ ತವರಿನಲ್ಲಿ, ತವರಿನಲ್ಲಿ ಹಳೆಯ ಹೆಸರು. ಇದು ಎಲ್ಲರಿಗೂ ಮೊದಲು ನನಗೆ ಹೊಳೆಯಬೇಕಿತ್ತು. ಬಾಗಲಕೋಟೆಯ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದ ನನಗೂ ಎರಡು ಹೆಸರು. ನನ್ನ ಕೊರಳಲ್ಲಿ ತೂಗುವ ಆಸ್ಪತ್ರೆಯ ಗುರುತಿನ ಚೀಟಿಯಲ್ಲಿ ಇರುವ ಹೆಸರನ್ನು ನನ್ನ ತಾಯಿ ಒಂದು ದಿನವೂ ಬಾಯಲ್ಲಿ ಆಡಿಲ್ಲ.

ತವರಿನ ಹೆಸರು ಹಾಕಿದೆ. ಕೆಲವು ಸಾಲುಗಳು ಬಂದವು. ಅದರಲ್ಲಿ ಕುಷಾಯಿಗೂಡದ್ದು ಒಂದೇ. ದೀಪಾವಳಿಯ ಮರುವಾರದ ತಾರೀಖು. ತೂಕವನ್ನು ಓದಿ ಹೇಳಿದೆ.

“ಅಷ್ಟ ಇದ್ಲ್ರಿ,” ಎಂದಳು ತಾಯಿ. “ಅಂಗೈಯಾಗ ಹಿಡಿಸ್ತಿದ್ಲು.”

ಹೆಸರು ಸಿಕ್ಕಿತು ಎಂದರೆ ಅರ್ಧ ಕೆಲಸ. ಈ ಹಳೆಯ ಡೇಟಾಬೇಸಿಗೆ ಒಂದು ಚಾಳಿ ಇತ್ತು. ಚಿಕ್ಕ ಫೈಲಾದರೆ ಒಂದೇ ಖಾನೆಯಲ್ಲಿ ಇರುತ್ತಿತ್ತು. ದೊಡ್ಡದಾದರೆ ಒಂದೇ ತುತ್ತಿಗೆ ನುಂಗಲಾಗದೆಂದು, ಅದನ್ನು ತುಂಡು ತುಂಡು ಮಾಡಿ, ತುಂಡಿಗೊಂದು ಸಾಲು ಮಾಡಿ, ಪ್ರತಿ ಸಾಲಿಗೂ ಒಂದು ಸಂಖ್ಯೆ ಕೊಟ್ಟು ಇನ್ನೊಂದು ಪಟ್ಟಿಯಲ್ಲಿ ಇಡುತ್ತಿತ್ತು. ಹಳೆಯ ಪ್ರೋಗ್ರಾಮು ಬದುಕಿರುವಾಗ ಅದೇ ತುಂಡುಗಳನ್ನು ಜೋಡಿಸಿ ಡಾಕ್ಟರಿಗೆ ತೋರಿಸುತ್ತಿದ್ದರಿಂದ ನಾನು ಆ ಗೋಜಿಗೆ ಹೋದವಳಲ್ಲ. ಈಗ ಕೈಯಿಂದಲೇ ಜೋಡಿಸಬೇಕು. ಡೇಟಾಬೇಸಿಗೆ ಅಪ್ಪಣೆ ಕೊಡುವ ನಾಲ್ಕು ಸಾಲಿನ ಕ್ವೆರಿ ಬರೆದೆ. ಈ ಕೂಸಿನ ತುಂಡುಗಳನ್ನೆಲ್ಲಾ ತೆಗೆ, ಸಂಖ್ಯೆಯ ಪ್ರಕಾರ ಒಂದರ ಹಿಂದೆ ಒಂದು ನಿಲ್ಲಿಸು, ಹೊಲಿದು ಒಂದು ಫೈಲು ಮಾಡು.

ಫೈಲು ಆಯಿತು. ತೆರೆದೆ. ಬೀಸಣಿಗೆಯ ಆಕಾರ ಬಂತು, ಹೃದಯದ ಮೇಲಿನ ಅಂಚು ಕಂಡಿತು, ನನ್ನ ಜೀವ ಹಗುರಾಯಿತು. ಮರುಗಳಿಗೆಯಲ್ಲೇ ಚಿತ್ರ ಹರಿದುಹೋಯಿತು. ಗೋಡೆ ಇರಬೇಕಾದಲ್ಲಿ ಪಟ್ಟೆಗಳು, ಪಟ್ಟೆಗಳ ನಡುವೆ ಚೂರು ಚೂರು ಬಣ್ಣ, ಆಮೇಲೆ ಬರೀ ಚುಕ್ಕೆಗಳು.

ತಾಯಿ ನನ್ನ ಕುರ್ಚಿಯ ಹಿಂದೆ ಬಂದು ನಿಂತಿದ್ದು ನನಗೆ ಗೊತ್ತಾಗಿರಲಿಲ್ಲ. “ಏನಾಗೇತ್ರಿ ಅಕ್ಕಾರ ಇಕಿ ಎದಿಗೆ?” ಎಂದಳು. ಹರಿದದ್ದು ಚಿತ್ರ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

“ಕೂಸಿಗೇನೂ ಆಗಿಲ್ಲವ್ವ. ನನ್ನ ತಲಿಗೆ ಆಗೇತಿ. ಕೂಡ್ರು ನೀ,” ಎಂದು ಗದರಿದೆ. ಗದರಿದ್ದಕ್ಕೆ ಅವಳಿಗೆ ಧೈರ್ಯ ಬಂದ ಹಾಗೆ ಕಂಡಿತು, ಹೋಗಿ ಕೂತಳು.

ಒಂದು ತುಂಡು ಕಳೆದಿದ್ದರೂ ಮುಗಿಯಿತು, ಅದನ್ನು ಎಲ್ಲಿಂದ ತರುವುದು? ಮೊದಲು ಅಳತೆ ನೋಡಿದೆ. ಫೈಲನ್ನು ಇಡುವಾಗ ಅದರ ಪೂರ್ತಿ ಉದ್ದವನ್ನು ಆ ಪುಣ್ಯಾತ್ಮ ಮುಖ್ಯ ಸಾಲಿನಲ್ಲಿ ಬರೆದಿಟ್ಟಿದ್ದ. ನಾನು ಹೊಲಿದ ಫೈಲಿನ ಉದ್ದವೂ ಅಷ್ಟೇ ಇತ್ತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಂದರೆ ಎಲ್ಲಾ ತುಂಡುಗಳೂ ಇವೆ. ಎಲ್ಲವೂ ಇದ್ದೂ ಚಿತ್ರ ಹರಿದಿದೆ ಎಂದರೆ ಅವು ತಮ್ಮ ತಮ್ಮ ಜಾಗದಲ್ಲಿಲ್ಲ.

ತುಂಡುಗಳ ಸಂಖ್ಯೆಗಳನ್ನು ಪರದೆಯ ಮೇಲೆ ಸಾಲಾಗಿ ಬಿಡಿಸಿ ನೋಡಿದೆ. ಒಂದು. ಅದರ ಕೆಳಗೆ ಹತ್ತು. ಹನ್ನೊಂದು, ಹನ್ನೆರಡು, ಹೀಗೇ ಇಳಿದು, ಹತ್ತೊಂಬತ್ತರ ಕೆಳಗೆ ಎರಡು. ನೋಡುತ್ತಿದ್ದ ಹಾಗೆ ನಗು ಬಂತು, ನಗುವಿನ ಜೊತೆ ಸಿಟ್ಟೂ ಬಂತು. ಆ ಮಹಾನುಭಾವ ಸಂಖ್ಯೆಯನ್ನು ಸಂಖ್ಯೆಯ ಖಾನೆಯಲ್ಲಿ ಇಡದೆ ಅಕ್ಷರದ ಖಾನೆಯಲ್ಲಿ ಇಟ್ಟಿದ್ದ. ಅಕ್ಷರದ ಲೆಕ್ಕದಲ್ಲಿ ಒಂದರಿಂದ ಶುರುವಾಗುವವೆಲ್ಲ ಮೊದಲು ನಿಲ್ಲುತ್ತವೆ, ಹತ್ತೊಂಬತ್ತು ಕೂಡ ಎರಡಕ್ಕಿಂತ ಮುಂದೆ. ಡೇಟಾಬೇಸು ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ಕೂಸಿನ ಹೃದಯದ ಎರಡನೇ ತುಂಡು ಎಲ್ಲೋ ಹಿಂದೆ ತನ್ನ ಸರದಿ ಕಾಯುತ್ತ ನಿಂತಿತ್ತು.

ಇವುಗಳನ್ನು ಅಕ್ಷರವೆಂದು ಓದಬೇಡ, ಅಂಕಿಯೆಂದು ಎಣಿಸು ಎಂದು ಕ್ವೆರಿಯಲ್ಲಿ ಒಂದು ಮಾತು ಸೇರಿಸಿದೆ. ಮತ್ತೆ ಓಡಿಸಿದೆ. ತೆರೆಯುವ ಮುನ್ನ ಡಾಕ್ಟರಿಗೆ ಬನ್ನಿ ಎಂದು ಫೋನ್ ಮಾಡಿದೆ. ಇನ್ನೂ ನೋಡದೆಯೇ ಯಾಕೆ ಮಾಡಿದೆನೋ, ನನಗೆ ಗೊತ್ತಿಲ್ಲ. ಸರಿಯಾಗಿಯೇ ಬರುತ್ತದೆ ಎಂದು ಒಳಗೆ ಯಾರೋ ಹೇಳಿದ ಹಾಗಾಗಿತ್ತು.

ಬಂತು. ಬೀಸಣಿಗೆ ಬಿಚ್ಚಿಕೊಂಡಿತು, ಅದರೊಳಗೆ ನಾಲ್ಕು ಕೋಣೆಯ ಹೃದಯ ಇಡಿಯಾಗಿ ನಿಂತಿತು, ಬಡಿಯಿತು. ಒಂದು ಸಲವಲ್ಲ, ಬಡಿಯುತ್ತಲೇ ಹೋಯಿತು. ಪುಟ್ಟ ಬಾಗಿಲುಗಳು ತೆರೆದವು, ಮುಚ್ಚಿದವು. ಅರ್ಧದಿಂದ ಆಚೆಗೆ ಬಣ್ಣವೂ ಬಂತು. ಈ ಕಡೆ ಬರುವ ರಕ್ತ ಕೆಂಪು, ಆ ಕಡೆ ಹೋಗುವ ರಕ್ತ ನೀಲಿ. ನಡುವಿನ ಗೋಡೆಯ ಒಂದು ಕಡೆಯಿಂದ ಹಳದಿ ಕಲೆತ ಬಣ್ಣದ ಚಿಲುಮೆಯೊಂದು, ಪ್ರತಿ ಬಡಿತಕ್ಕೂ ಪಕ್ಕದ ಕೋಣೆಗೆ ಚಿಮ್ಮುತ್ತಿತ್ತು. ಅದೇ ತೂತು.

ಎಷ್ಟೋ ಹೃದಯಗಳನ್ನು ನಾನು ಆ ಪರದೆಯ ಮೇಲೆ ನೋಡಿದ್ದೆ, ಆದರೂ ಅವತ್ತು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ. ಈ ಬಡಿತಗಳು ಯಾವತ್ತೋ ಒಂದು ಮಧ್ಯಾಹ್ನ ಈ ಕಟ್ಟಡದಲ್ಲೇ ಆಗಿ ಮುಗಿದವು. ಆಗಿನ ಆ ಅಂಗೈಯಷ್ಟು ಕೂಸು ಈಗ ಇಲ್ಲ, ಅದರ ಜಾಗದಲ್ಲಿ ನನ್ನ ಸ್ಟೇಪ್ಲರನ್ನು ಕಚ್ಚುತ್ತಿರುವ ಈ ಹುಡುಗಿ ಇದ್ದಾಳೆ. ಆದರೆ ಆ ಬಡಿತಗಳನ್ನು ಯಾರೋ ಚೂರು ಮಾಡಿ, ಅರ್ಥವಾಗದ ಅಂಕಿಗಳಾಗಿಸಿ, ಸಾಲು ಸಾಲಾಗಿ ಖಾನೆಗಳಲ್ಲಿ ಜೋಡಿಸಿ ಹೋದರು. ಆ ಖಾನೆಗಳಿಗೆ ತಮ್ಮೊಳಗೆ ಏನಿದೆ ಎಂದು ಗೊತ್ತಿಲ್ಲ. ಒಂದೊಂದು ತುಂಡನ್ನೂ ಬಿಡಿಯಾಗಿ ಹಿಡಿದು ನೋಡಿದರೆ ಅದರಲ್ಲಿ ಬಡಿತವಿಲ್ಲ, ರಕ್ತವಿಲ್ಲ, ಏನೂ ಇಲ್ಲ. ಸರಿಯಾದ ಸರದಿಯಲ್ಲಿ ನಿಲ್ಲಿಸಿದ ಕೂಡಲೇ ಅಷ್ಟೂ ಇದೆ. ನಾನು ಇದನ್ನು ಕಲಿತವಳು, ಇದರಿಂದ ಅನ್ನ ತಿನ್ನುವವಳು, ಪ್ರತಿ ಹೆಜ್ಜೆಯನ್ನೂ ಬಿಡಿಸಿ ಹೇಳಬಲ್ಲೆ. ಬಿಡಿಸಿ ಹೇಳಿದ ಮೇಲೂ ಬೆರಗು ಹಾಗೆಯೇ ಉಳಿಯುತ್ತದೆ. ಕಣ್ಣಲ್ಲಿ ನೀರು ಬಂದಿತ್ತು. ಏಸಿಯ ಗಾಳಿ ನೇರ ಮುಖಕ್ಕೆ ಬಡಿಯುತ್ತದೆ ಎಂದು ಯಾರೂ ಕೇಳದಿದ್ದರೂ ಹೇಳಿ ಒರೆಸಿಕೊಂಡೆ.

ಡಾಕ್ಟರು ಬಂದರು. ಕುರ್ಚಿ ಬಿಟ್ಟುಕೊಟ್ಟೆ. ಅವರು ಚಿತ್ರವನ್ನು ಅಲ್ಲಲ್ಲಿ ನಿಲ್ಲಿಸುತ್ತ, ಪಕ್ಕದ ಅಳತೆಪಟ್ಟಿಗೆ ಹಿಡಿದು ತೂತನ್ನು ಅಳೆಯುತ್ತ, ಬೆಳಗಿನ ಸ್ಕ್ಯಾನಿನ ಕಾಗದವನ್ನು ನೋಡುತ್ತ, ಮತ್ತೆ ಅಳೆಯುತ್ತ ಕೂತರು. ಗಂಡ ಗೋಡೆಗೆ ಒರಗಿ ನಿಂತಿದ್ದ, ತನ್ನ ಚಪ್ಪಲಿಗಳನ್ನೇ ನೋಡುತ್ತಿದ್ದ. ತಾಯಿ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಪರದೆಯ ಹತ್ತಿರ ಬಂದಳು. ಒಂದು ಕೈಯನ್ನು ಮಗುವಿನ ಫ್ರಾಕಿನೊಳಗೆ ತೂರಿಸಿ ಎದೆಯ ಮೇಲಿಟ್ಟುಕೊಂಡಿದ್ದಳು. ಪರದೆಯನ್ನು ನೋಡುವಳು, ಕೈಯಡಿಯ ಬಡಿತಕ್ಕೆ ಗಮನ ಕೊಡುವಳು, ಮತ್ತೆ ಪರದೆಯನ್ನು ನೋಡುವಳು.

“ಆವಾಗ ಭಾಳ ಅವಸರ ಇತ್ತಲ್ರಿ ಇಕಿಗೆ,” ಎಂದಳು ನನ್ನ ಕಡೆ ತಿರುಗಿ, ಮೆಲ್ಲಗೆ.

ಹೌದು, ಎಳೆಗೂಸುಗಳ ಹೃದಯ ಓಡುತ್ತದೆ. ಪರದೆಯ ಮೇಲಿನದು ಎರಡು ಸಲ ಬಡಿಯುವಷ್ಟರಲ್ಲಿ ಅವಳ ಕೈಯಡಿಯದು ಒಂದೂಮುಕ್ಕಾಲು ಸಲ ಬಡಿಯುತ್ತಿತ್ತೋ ಏನೋ. ಒಂದೇ ಹೃದಯದ ಅಂದಿನ ಬಡಿತವನ್ನು ಕಣ್ಣಿನಿಂದ, ಇಂದಿನ ಬಡಿತವನ್ನು ಅಂಗೈಯಿಂದ ಅವಳು ಒಟ್ಟಿಗೆ ತಿಳಿಯುತ್ತಿದ್ದಳು. ಅಂಥದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಡಾಕ್ಟರು ಕನ್ನಡಕ ತೆಗೆದರು. ಆಗ ದೊಡ್ಡದಿತ್ತು ಎಂದರು. ಹೃದಯ ಬೆಳೆದಿದೆ, ತೂತು ಅರ್ಧಕ್ಕಿಂತ ಕಡಿಮೆಯಾಗಿದೆ, ಗೋಡೆ ತಾನೇ ಮುಚ್ಚಿಕೊಳ್ಳುತ್ತಿದೆ. ಗುರುವಾರದ ಆಪರೇಷನ್ ಬೇಡ. ಆರು ತಿಂಗಳು ಬಿಟ್ಟು ಕರೆತನ್ನಿ, ಜ್ವರ ಕೆಮ್ಮು ಬಂದರೆ ಮಾತ್ರ ಕೂಡಲೇ ಬನ್ನಿ. ಇಷ್ಟು ಹೇಳಿ, ಮಗುವಿನ ಕೆನ್ನೆ ಚಿವುಟಿ, ಹೊರಗೆ ಕಾಯುತ್ತಿದ್ದವರ ಕಡೆಗೆ ಹೋದರು.

ಗಂಡ ಗೋಡೆ ಬಿಟ್ಟು ಬಂದು ಅತ್ತೆಗೆ ಫೋನ್ ಹಚ್ಚಿ, ಗುರುವಾರದ್ದು ಬ್ಯಾಡಂತ್ರಿ ಎಂದು ಎರಡೆರಡು ಸಲ ಹೇಳಿದ, ಆ ಕಡೆಯಿಂದ ಹಲೋ ಹಲೋ ಎನ್ನುವುದು ನನಗೂ ಕೇಳುತ್ತಿತ್ತು.

ತಾಯಿ ಮಾತ್ರ ಪರದೆಯ ಮುಂದಿನಿಂದ ಕದಲಿರಲಿಲ್ಲ. ಆ ಚಿತ್ರ ಮುಗಿದ ಕೂಡಲೇ ತಾನಾಗಿ ಮೊದಲಿನಿಂದ ಶುರುವಾಗುತ್ತದೆ. ಡಾಕ್ಟರು ಅದನ್ನು ಹಾಗೆಯೇ ಬಿಟ್ಟು ಹೋಗಿದ್ದರು. ಅಂಗೈಯಷ್ಟು ಕೂಸಿನ ಹೃದಯ ಒಂದೇ ಸಮನೆ, ಉಸಿರು ತೆಗೆದುಕೊಳ್ಳದೆ, ತೂತಿನ ಗೋಡೆಯನ್ನು ಇಟ್ಟುಕೊಂಡು ಬಡಿಯುತ್ತಲೇ ಇತ್ತು. ಅವಳು ಅದನ್ನು ಬಹಳ ಹೊತ್ತು ನೋಡಿದಳು.

“ಅಕ್ಕಾರ,” ಎಂದಳು, “ಇನ್ನ ಸಾಕ್ರಿ. ಬಂದ್ ಮಾಡ್ರಿ ಅದನ್ನ. ಪಾಪ, ದಣದೀತು.”

ಅದು ಫೈಲವ್ವ, ಅದಕ್ಕೆಲ್ಲಿಯ ದಣಿವು ಎನ್ನಲು ಬಾಯಿ ತೆರೆದೆ. ಕೈ ಚಾಚಿ, ಆದಷ್ಟು ಮೆಲ್ಲಗೆ, ಬಂದ್ ಮಾಡಿದೆ.